ಇಪ್ಪತ್ತೈದರ ಕಟ್ಟು

ಫಳ್ನೀರಿನ ಮೆಡಿಕಲ್‌ನಲ್ಲಿ ಚೀಟಿ ಕೊಟ್ಟೆ.
ಹುಡುಗ ಓದಿದ, ತಿರುಗಿಸಿದ, ಒಳಗೆ ಹೋದ.
ಹಿರಿಯರೊಬ್ಬರು ಕನ್ನಡಕ ಏರಿಸಿಕೊಂಡು ಬಂದರು:
"ಇದನ್ನು ಎಲ್ಲ ಕಡೆ ಇಡುವುದಿಲ್ಲ. ಮಗುವಿಗಾ?"
"ಅಲ್ಲ."
"ಮತ್ತೆ?"
ನನ್ನ ಹಿಂದೆ ನಿಂತವನ ಕೆಮ್ಮು ನಿಂತಿತು.
"ನನಗೆ," ಎಂದೆ. ನಲವತ್ತೊಂದು ವರ್ಷದ ನನಗೆ.
ಸೀಲು ಒತ್ತಿ, ರಿಜಿಸ್ಟರಿನಲ್ಲಿ ಬರೆದುಕೊಂಡರು:
ವಾರಿಜಾಕ್ಷಿ, ಬೋಳೂರು.
ಎಷ್ಟು ಚಂದದ ಕೈಬರಹ!
ಅದನ್ನೇ ನೋಡುತ್ತ ನಿಂತು, ಚಿಲ್ಲರೆ ಬಿಟ್ಟು ಬಂದೆ.

ಮದುವೆ ಕಾಗದದ ಕರಡು ತಿದ್ದುವುದು ನನ್ನ ಕೆಲಸ.
ಹೋದ ವೈಶಾಖದಲ್ಲಿ ಐನೂರು ಪ್ರತಿಗಳಲ್ಲಿ
ಮದುಮಗನ ಜಾಗದಲ್ಲಿ ಅವನ ಸೋದರಮಾವ ಕೂತಿದ್ದ.
ಅದಕ್ಕೂ ಮೊದಲು ಒಂದು ಶುಕ್ರವಾರ ಶನಿವಾರವಾಗಿತ್ತು.
ಸೆವ್ರಿನ್ ಪೊರ್ಬುಗಳು ಬೈಯಲಿಲ್ಲ,
ನಾನು ಇನ್ನೂ ಕೂತಿರುವಾಗಲೇ
ಲೈಟು ಆರಿಸಿ ಮನೆಗೆ ಹೋದರು.

ಡಾಕ್ಟರು ಕೇಳಿದರು, ಒಳಗೆ ಹೇಗಿರುತ್ತದೆ?
ಸ್ಟೇಟ್ ಬ್ಯಾಂಕ್ ಬಸ್‌ಸ್ಟ್ಯಾಂಡು, ಡಾಕ್ಟ್ರೇ, ಸಂಜೆ ಆರಕ್ಕೆ.
ಎಲ್ಲ ಕಂಡಕ್ಟರುಗಳೂ ನನ್ನನ್ನೇ ಕರೆಯುತ್ತಾರೆ.
ನಾನು ಎಲ್ಲ ಬಸ್ಸಿಗೂ ಹತ್ತಿದವಳು,
ಒಂದರಲ್ಲೂ ಇಳಿಯಲಿಕ್ಕೆ ಗೊತ್ತಾಗದವಳು.
ಅವರು ನಗಲಿಲ್ಲ. ಬರೆದುಕೊಂಡರು.

ಮೊದಲ ದಿನ ಬೆಳಕೇನೂ ಬರಲಿಲ್ಲ.
ಮುಕ್ಕಾಲು ಗಂಟೆ ಬಿಟ್ಟು
ಫ್ಯಾನಿನ ಸದ್ದು ಫ್ಯಾನಿಗೇ ಹೋಯಿತು,
ರಸ್ತೆಯ ಹಾರನ್ನು ರಸ್ತೆಗೆ.
ಒಂದು ಒತ್ತಕ್ಷರ ಕಾಲು ಚಾಚಿ ಕಾಯುತ್ತಿತ್ತು,
ನಾನು ಅದರ ಹತ್ತಿರ ಕೂತೆ. ಕೂತೇ ಇದ್ದೆ.
ಆಮೇಲೆ ಕರಡಿನ ಮೇಲೆ ನೀರು ಬಿತ್ತು, ಕಣ್ಣಿನದು.
ಎಲ್ಲರಿಗೂ ಹೀಗೆಯೇ ಇತ್ತಾ, ಇಷ್ಟು ವರ್ಷ?
ಯಾರೂ ಹೇಳಲೇ ಇಲ್ಲವಲ್ಲ ಮಾರಾಯ್ರೆ.

ಮಧ್ಯಾಹ್ನ ಬುತ್ತಿ ತೆರೆದರೆ ಬೂತಾಯಿ ಪುಳಿಮುಂಚಿ
ಯಾರದೋ ಮನೆಯ ಊಟದ ಹಾಗೆ ಕಂಡಿತು.
ಬಾಯಿ ಒಣಗಿತ್ತು. ಎದೆ ಒಂದು ಹೆಜ್ಜೆ ಮುಂದೆ.
ಸಂಜೆ ನಾಲ್ಕರ ಮೇಲೆ ಬಸ್ಸುಗಳು ಒಂದೊಂದಾಗಿ ವಾಪಸ್ಸು.
ಗುರುತಿನವು. ಸುಳ್ಳು ಯಾಕೆ,
ಸ್ವಲ್ಪ ಖುಷಿಯೂ ಆಯಿತು.

ಎಳವೆಯಲ್ಲಿ ಅಮ್ಮ ಬೀಡಿ ಸುರುಟುತ್ತಿದ್ದಳು,
ಇಪ್ಪತ್ತೈದು ಎಣಿಸಿ ಕಟ್ಟುವುದು ನನ್ನ ಪಾಲು.
ಹದಿನೇಳಕ್ಕೆ ಬರುವಾಗ ಜಗಲಿಯಲ್ಲಿ ಓತಿ ಓಡುತ್ತಿತ್ತು,
ಅಥವಾ ಓತಿ ಎಂಬ ಶಬ್ದವೇ ಓಡುತ್ತಿತ್ತು.
ಬ್ರಾಂಚಿನವ ಕಟ್ಟು ಬಿಚ್ಚಿ ಇಪ್ಪತ್ತಮೂರು ಎನ್ನುವನು.
ಅಮ್ಮನ ಪುಸ್ತಕದಲ್ಲಿ ಕೆಂಪು ಶಾಯಿ.
ಮನೆಗೆ ಬಂದ ಮೇಲೆ ತಡ್ಪೆಯ ಅಂಚಿನ ಪೆಟ್ಟು,
"ಮಂಡೆ ಎಲ್ಲಿ ಇಟ್ಟಿದ್ದಿ?"
ನಿಜವಾಗಿಯೂ ಹುಡುಕುತ್ತಿದ್ದೆ ನಾನು.

ಭಾನುವಾರ ಮಾತ್ರೆ ಬೇಡ ಎಂದಿದ್ದಾರೆ.
ಅಮ್ಮ ನನ್ನ ಬ್ಯಾಗಿನಿಂದ ಖಾಲಿ ಪಟ್ಟಿ ತೆಗೆದು
ಬೆಳಕಿಗೆ ಹಿಡಿದಳು. "ಉಂದು ದಾಯೆಗ್?"
ಎಣಿಸುವಾಗ ಮಂಡೆ ನಿಲ್ಲಲಿಕ್ಕೆ, ಎಂದೆ.
ಬಹಳ ಹೊತ್ತು ಸುಮ್ಮನಿದ್ದಳು.
"ನನಗೆ ಎಲೆ ಇತ್ತು," ಎಂದಳು.
"ಹೊಗೆಸೊಪ್ಪಿನ ಘಾಟು ಮೂಗಿಗೆ ಹೊಡೆದರೆ
ಒಳಗಿನ ಗಲಾಟೆ ಕೂತುಕೊಳ್ಳುತ್ತಿತ್ತು.
ಭಾನುವಾರ ಎಲೆಗೆ ರಜೆ.
ಅನ್ನ ಸೀಯಿಸುತ್ತಿದ್ದದ್ದು ಭಾನುವಾರವೇ.
ನಿನಗೆ ಜಾಸ್ತಿ ಹೊಡೆದದ್ದೂ."

ಇಷ್ಟು ಹೇಳಿ ಬಾಗಿಲ ಹೊರಗೆ ನೋಡಿದಳು.
ಬೆರಳುಗಳು ತಾವಾಗಿಯೇ
ಪಟ್ಟಿಯ ಬೆಳ್ಳಿಕಾಗದ ಸುಲಿದು, ಸುರುಟಿ, ತುದಿ ಮಡಚಿ
ನೂಲಿಗೆ ತಡಕಾಡಿದವು.

ಆಮೇಲೆ ವಾಸನೆ.
ಕುಚ್ಚಲಕ್ಕಿ.
ಇಬ್ಬರೂ ಒಟ್ಟಿಗೆ ಎದ್ದೆವು,
ಅಡುಗೆಕೋಣೆಯ ಬಾಗಿಲಲ್ಲಿ ಭುಜಕ್ಕೆ ಭುಜ ಬಡಿಯಿತು.